ಒಟ್ಟು ಕ್ಷೇತ್ರವೋ, ಫಲಿತ ಕ್ಷೇತ್ರವೋ, ಕೂಡುಕ್ಷೇತ್ರವೋ?

ಎಲ್ಲರಿಗೂ ನಮಸ್ಕಾರ.

ಸಂಜೆ ಹೊತ್ತು ನಮ್ಮ ಬೀದಿಯ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುತ್ತೇನೆ. ಅದರಲ್ಲಿ ನಾನು ಬಳಸಿದ ‘ಒಟ್ಟು ವಿದ್ಯುತ್ ಕ್ಷೇತ್ರ’ ಅನ್ನುವ ಪದ ಅವರ ದಾರಿ ತಪ್ಪಿಸಿತು. ಅದಕ್ಕೆ ಬೇರೆ ಪದ ಯಾವುದು ಅಂತ ಕೇಳಲು ಬರೆಯುತ್ತಿದ್ದೇನೆ.

ಲೆಕ್ಕ ಹೀಗಿತ್ತು. ನೆಲದ ಮೇಲೆ ಒಂದು ಚುಕ್ಕಿ ಇಡಿ. ಅದರ ಪಶ್ಚಿಮಕ್ಕೆ 3 ಮೀಟರ್ ದೂರದಲ್ಲಿ 3 ನ್ಯಾನೋಕೂಲಂಬ್‌ನ ಧನ ಆವೇಶ ಇದೆ. ದಕ್ಷಿಣಕ್ಕೆ, ಅಷ್ಟೇ ದೂರದಲ್ಲಿ, 4 ನ್ಯಾನೋಕೂಲಂಬ್‌ನ ಇನ್ನೊಂದು ಧನ ಆವೇಶ. ಚುಕ್ಕಿ ಇರುವಲ್ಲಿ ‘ಒಟ್ಟು ವಿದ್ಯುತ್ ಕ್ಷೇತ್ರ’, ಅಂದರೆ ಅಲ್ಲಿಟ್ಟ ಒಂದು ಕೂಲಂಬ್ ಧನ ಆವೇಶದ ಮೇಲೆ ಬೀಳುವ ಬಲ, ಎಷ್ಟು?

ಕೂಲಂಬ್ ನಿಯಮದ ಪ್ರಕಾರ ಮೊದಲನೆಯದರಿಂದ ಬರುವ ಕ್ಷೇತ್ರ ಪ್ರತಿ ಕೂಲಂಬ್‌ಗೆ 3 ನ್ಯೂಟನ್, ಪೂರ್ವದ ಕಡೆಗೆ. ಎರಡನೆಯದರಿಂದ 4 ನ್ಯೂಟನ್, ಉತ್ತರದ ಕಡೆಗೆ. ಮುಕ್ಕಾಲು ಪಾಲು ಮಕ್ಕಳು 7 ಅಂತ ಬರೆದರು. ಸರಿಯುತ್ತರ 5. ಕ್ಷೇತ್ರಕ್ಕೆ ದಿಕ್ಕೂ ಇರುವುದರಿಂದ ಅದನ್ನು ಬಾಣವಾಗಿ ಎಳೆಯುತ್ತೇವೆ. ಇಲ್ಲಿ ಎರಡು ಬಾಣಗಳು ಒಂದಕ್ಕೊಂದು ಲಂಬವಾಗಿವೆ. ಆಯತ ಪೂರ್ತಿ ಮಾಡಿ ಕರ್ಣ ಎಳೆದರೆ ಅದರ ಉದ್ದ 5. ದಿಕ್ಕು ಪೂರ್ವದಿಂದ ಉತ್ತರಕ್ಕೆ ಸುಮಾರು 53 ಡಿಗ್ರಿ.

ಈ ಮಕ್ಕಳಿಗೆ ಪೈಥಾಗೊರಸ್ ಪ್ರಮೇಯ ಚೆನ್ನಾಗಿ ಗೊತ್ತು. ಬಾಣ ಎಳೆಯುವುದೂ ಗೊತ್ತು. ಆದರೂ ‘ಒಟ್ಟು’ ಅಂತ ಓದಿದ ತಕ್ಷಣ ಕೈ ತಾನಾಗಿ 3ಕ್ಕೆ 4 ಸೇರಿಸಿಬಿಟ್ಟಿತು. ಒಟ್ಟು ಅಂಕ, ಒಟ್ಟು ಬಿಲ್ಲು ಅಂತ ದಿನಾ ಕೇಳುವ ಪದ ಅಲ್ವಾ? ಹಳ್ಳಿ ಕಡೆ ಬಣವೆ ಒಟ್ಟುವುದು ಅನ್ನುತ್ತೇವೆ. ಒಂದರ ಮೇಲೊಂದು ಪೇರಿಸುತ್ತಾ ಹೋದರೆ ಬಣವೆ ಎತ್ತರವಾಗುತ್ತದೆಯೇ ಹೊರತು ತಗ್ಗುವುದಿಲ್ಲ. ಕ್ಷೇತ್ರ ಹಾಗಲ್ಲ. ಎರಡು ಸಮಾನ ಧನ ಆವೇಶಗಳ ನಟ್ಟನಡುವೆ ಅದು ಸೊನ್ನೆ.

ಹಾಗಂತ ‘ಒಟ್ಟು’ ಪದವನ್ನೇ ಬಿಡಬೇಕು ಅಂತಲ್ಲ. ಅದಕ್ಕೂ ಸರಿಯಾದ ಜಾಗ ಇದೆ. 1 ನ್ಯಾನೋಕೂಲಂಬ್‌ನ ಎರಡು ಧನ ಆವೇಶಗಳ ನಡುವೆ 2 ಮೀಟರ್ ಅಂತರ ಇದೆ ಅನ್ನಿ. ನಡುವಿನ ಚುಕ್ಕಿಯಲ್ಲಿ ಒಂದೊಂದರಿಂದಲೂ ಪ್ರತಿ ಕೂಲಂಬ್‌ಗೆ 9 ನ್ಯೂಟನ್‌ನ ಕ್ಷೇತ್ರ, ಎದುರು ಬದುರು, ಹಾಗಾಗಿ ಸೊನ್ನೆ. ಆದರೆ ಅದೇ ಚುಕ್ಕಿಯಲ್ಲಿ ವಿಭವ (ಇಂಗ್ಲಿಷಿನ ಪೊಟೆನ್ಶಿಯಲ್) 9 ವೋಲ್ಟ್‌ಗೆ 9 ವೋಲ್ಟ್ ಸೇರಿ 18 ವೋಲ್ಟ್. ವಿಭವ ಅದಿಶ, ದಿಕ್ಕಿಲ್ಲದ್ದು. ಅದಕ್ಕೆ ‘ಒಟ್ಟು ವಿಭವ’ ಅನ್ನುವುದು ಸರಿಯಾಗಿ ಹೊಂದುತ್ತದೆ. ಕ್ಷೇತ್ರಕ್ಕೆ ಬೇರೆ ಪದ ಇದ್ದರೆ ಈ ವ್ಯತ್ಯಾಸ ಮಕ್ಕಳಿಗೆ ಪದದಲ್ಲೇ ಸಿಗುತ್ತದೆ. ಈ ಪ್ರಶ್ನೆ ಎತ್ತಿದ್ದು ಅದಕ್ಕೇ.

ಕ್ಷೇತ್ರದಂಥವನ್ನು ಕರೆಯುವ ‘ಸದಿಶ’ ಪದದ ಬಗ್ಗೆ ನನಗೆ ತಕರಾರಿಲ್ಲ. ದಿಕ್ಕು ಇರುವಂಥದ್ದು ಅಂತ ಪದವೇ ಹೇಳುತ್ತದೆ. ಇಂಗ್ಲಿಷಿನ ವೆಕ್ಟರ್‌ಗೆ ಲ್ಯಾಟಿನ್ ಮೂಲದಲ್ಲಿ ಹೊತ್ತೊಯ್ಯುವವನು ಅಂತ ಅರ್ಥ. ಸೊಳ್ಳೆಯನ್ನೂ ಅದೇ ಪದದಿಂದ ಕರೆಯುವುದು ಅದರಿಂದಲೇ. ನಾವು ಅದನ್ನು ರೋಗವಾಹಕ ಅನ್ನುತ್ತೇವೆ. ವೆಕ್ಟರ್ ಅನ್ನುವ ಪದದಲ್ಲಿ ದಿಕ್ಕಿನ ಸುಳಿವೇ ಇಲ್ಲ. ಇಲ್ಲಿ ನಮ್ಮ ಪದವೇ ಮೇಲು.

‘ನಿವ್ವಳ ಕ್ಷೇತ್ರ’ ಅಂತಲೂ ಬರೆದು ನೋಡಿದೆ. ನಿವ್ವಳ ಲಾಭ, ನಿವ್ವಳ ತೂಕ ಅಂದರೆ ಏನನ್ನೋ ಕಳೆದು ಉಳಿದದ್ದು. ಎದುರು ಬದುರಿನ ಬಾಣಗಳಿಗೆ ಹೊಂದುತ್ತದೆ. ಲಂಬವಾಗಿರುವ ಬಾಣಗಳಿಗೆ ಹೊಂದುವುದಿಲ್ಲ.

‘ಫಲಿತ ಕ್ಷೇತ್ರ’ ತಪ್ಪಿಲ್ಲದ ಪದ. ಕೂಡಿಸು ಅಂತಲೂ ಹೇಳುವುದಿಲ್ಲ, ಕಳೆ ಅಂತಲೂ ಹೇಳುವುದಿಲ್ಲ. ಆದರೆ ಮಕ್ಕಳಿಗೆ ಅದು ಸುಮ್ನೆ ಒಂದು ಹೆಸರು. ಏನು ನಡೆಯಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಈಚೆಗೆ ನನ್ನ ಮನಸ್ಸು ‘ಕೂಡು’ ಕಡೆಗೆ ಹೋಗುತ್ತಿದೆ. ಶಿವಮೊಗ್ಗ ಹತ್ತಿರ ತುಂಗಾ, ಭದ್ರಾ ಸೇರುವ ಊರು ಕೂಡ್ಲಿ. ಕೃಷ್ಣಾ, ಮಲಪ್ರಭಾ ಸೇರುವುದು ಕೂಡಲಸಂಗಮದಲ್ಲಿ. ಎರಡು ದಿಕ್ಕಿನಿಂದ ಬಂದದ್ದು ಸೇರಿ ಒಂದೇ ದಿಕ್ಕು ಹಿಡಿಯುವುದು ಈ ಪದದಲ್ಲಿ ಮೊದಲಿಂದಲೂ ಇದೆ. ಕೂಡುರಸ್ತೆ, ಕೂಡುಕುಟುಂಬ ಇರುವ ಹಾಗೆ ‘ಕೂಡುಕ್ಷೇತ್ರ’ ಅನ್ನಬಹುದೇ? ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸ ಅಂತ ಯಾರಾದರೂ ಆಕ್ಷೇಪಿಸಬಹುದು. ಕೂಡುಕುಟುಂಬವೂ ಹಾಗೇ ಆದದ್ದು, ಯಾರಿಗೂ ಕಿರಿಕಿರಿ ಆಗಿಲ್ಲ. ನನ್ನ ನಿಜವಾದ ಅಳುಕು ಬೇರೆ. ಶಾಲೆಯಲ್ಲಿ ‘ಕೂಡುವ ಲೆಕ್ಕ’ ಅಂದರೂ 3ಕ್ಕೆ 4 ಸೇರಿಸಿ 7 ಅನ್ನುವುದೇ. ಮಕ್ಕಳು ಮತ್ತೆ ಅಲ್ಲಿಗೇ ಬಂದರೆ?

ಪಿಯುಸಿ, ಪದವಿ ತರಗತಿಗಳಲ್ಲಿ ಕನ್ನಡದಲ್ಲಿ ವಿವರಿಸುವವರು ಈ ಬಳಗದಲ್ಲಿ ಇದ್ದೀರಿ. ಬೋರ್ಡಿನ ಮುಂದೆ ನಿಂತಾಗ ನಿಮ್ಮ ಬಾಯಿಗೆ ಯಾವ ಪದ ಬರುತ್ತದೆ? ಮಕ್ಕಳು ಅದನ್ನು ಕೇಳಿ ಬಾಣ ಎಳೆಯುತ್ತಾರೋ, ಅಂಕಿ ಸೇರಿಸುತ್ತಾರೋ? ದಯವಿಟ್ಟು ತಿಳಿಸಿ. ಮುಂದಿನ ವಾರ ಟಿಪ್ಪಣಿ ತಿದ್ದಿ ಮತ್ತೆ ಹಂಚಬೇಕು.