ಸಹಾಯ ಬೇಕು: ಬಾಡಿಗೆನೂ ಇಲ್ಲ, ಮನೆನೂ ಬಿಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಾಸನದ ವಿದ್ಯಾನಗರದಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ, ಮೇಲಿನದು ಬಾಡಿಗೆಗೆ. ತಿಂಗಳಿಗೆ 9,000, ಅಡ್ವಾನ್ಸ್ 50,000. ಎಂಟು ತಿಂಗಳಿಂದ ಬಾಡಿಗೆ ಬಂದಿಲ್ಲ. ಅಡ್ವಾನ್ಸ್ ಮುರಿದುಕೊಂಡರೂ ಇನ್ನೂ 22,000 ಅವರೇ ಕೊಡಬೇಕು.

ಮೊದಲು "ಸಂಬಳ ಆಗ್ಲಿ ಸಾರ್" ಅನ್ನುತ್ತಿದ್ದರು. ಆಮೇಲೆ "ಕಾಫಿ ದುಡ್ಡು ಬರ್ಲಿ". ಅವರಿಗೆ ತೋಟ ಇದೆ ಅಂತ ನನಗೆ ಗೊತ್ತಾಗಿದ್ದೇ ಆಗ! ಈಗ ಫೋನೇ ಎತ್ತುವುದಿಲ್ಲ. ಮೇಲೆ ಹೋದರೆ ಬಾಗಿಲ ಮುಂದೆ ನಾಲ್ಕು ಜೊತೆ ಚಪ್ಪಲಿ, ಒಳಗೆ ಕುಕ್ಕರ್ ಕೂಗುತ್ತಿರುತ್ತದೆ. ನಾನು ಬೆಲ್ ಒತ್ತಿದ ತಕ್ಷಣ ಟಿವಿ ಸದ್ದು ನಿಲ್ಲುತ್ತದೆ, ಅಷ್ಟೇ. ಬಾಗಿಲು ಮಾತ್ರ ತೆಗೆಯುವುದಿಲ್ಲ.

ಫ್ಯೂಸ್ ಕಿತ್ತುಹಾಕಿ, ನೀರು ನಿಲ್ಲಿಸಿ ಅಂತ ನಮ್ಮ ಭಾವ ಹೇಳುತ್ತಾರೆ. ಹಾಗೆ ಮಾಡಿದರೆ ಕೇಸು ನಮ್ಮ ಮೇಲೇ ತಿರುಗುತ್ತದೆ ಅಲ್ವಾ? ಸಣ್ಣ ಮಗು ಬೇರೆ ಇದೆ, ಮನಸ್ಸೂ ಬರುವುದಿಲ್ಲ.

11 ತಿಂಗಳ ಕರಾರು ಮುಗಿದು ವರ್ಷದ ಮೇಲಾಯಿತು. ಹೊಸದು ಮಾಡಿಸದೆ ಸುಮ್ನೆ ಬಿಟ್ಟಿದ್ದು ನನ್ನದೇ ತಪ್ಪು. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯವರಿಗೆ 15 ದಿನದ ನೋಟಿಸ್ ಕೊಡಬೇಕು, ಬಾಕಿಗೆ 3 ವರ್ಷದೊಳಗೆ ದಾವೆ ಹಾಕಬೇಕು, ಇಷ್ಟು ತಿಳಿದುಕೊಂಡಿದ್ದೇನೆ.

ಅನುಭವ ಇದ್ದವರು ಹೇಳಿ. ನೋಟಿಸ್ ನಾನೇ ಬರೆದು ಅಂಚೆಯಲ್ಲಿ ಕಳಿಸಲಾ, ವಕೀಲರ ಕೈಲೇ ಕಳಿಸಲಾ? ತಗೊಳ್ಳದೆ ವಾಪಸ್ ಕಳಿಸಿದರೆ ಆ ಕವರ್ ಒಡೆಯದೆ ಇಟ್ಟುಕೊಂಡರೆ ಸಾಕಾ? ಮನೆ ಬಿಡಿಸುವುದು, ಬಾಕಿ ವಸೂಲಿ ಎರಡನ್ನೂ ಒಂದೇ ದಾವೆಯಲ್ಲಿ ಕೇಳಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಓಡಾಡಿದಿರಿ, ಖರ್ಚು ಎಷ್ಟಾಯಿತು? ಹಾಸನದಲ್ಲಿ ಇಂಥ ಕೇಸು ನಡೆಸುವ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ.