ಇದ್ದ ಕೀಗಳೆಲ್ಲ ಕಳೆದುಹೋದ ಕಾರು: ಕೀ ಮಾಡುವವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ. ಮೂರು ವರ್ಷಗಳ ಹಿಂದೆ ನಾನೊಂದು ಹಳೆಯ ಕಾರನ್ನು ಕೊಂಡಾಗ ಅದರೊಂದಿಗೆ ಎರಡು ಕೀಗಳು ಬಂದಿದ್ದವು. ಮನೆ ಬದಲಾಯಿಸುವಾಗ ಒಂದು ಎಲ್ಲೋ ಕೈತಪ್ಪಿತು. ಇನ್ನೊಂದು ಇದೆಯಲ್ಲ ಎಂದು ಸುಮ್ಮನಿದ್ದೆ. ಮೊನ್ನೆ ದೋಣಿಯಿಂದ ಇಳಿಯುವಾಗ ಆ ಇನ್ನೊಂದೂ ಜೇಬಿನಿಂದ ಜಾರಿ ನೀರುಪಾಲಾಯಿತು. ಈಗ ಕಾರು ಬೀಗ ಹಾಕಿಕೊಂಡು ನಿಂತಿದೆ, ಸ್ಟೀರಿಂಗ್ ಕೂಡ ಲಾಕ್ ಆಗಿದೆ. ಲೋಹದ ಅಲಗು ಮತ್ತು ರಿಮೋಟಿನ ಗುಂಡಿಗಳು ಒಂದರಲ್ಲೇ ಇರುವ, ತಿರುಗಿಸಿ ಸ್ಟಾರ್ಟ್ ಮಾಡುವ ಬಗೆಯ ಕೀ ಅದು. ಒಂದೂ ಕೀ ಉಳಿದಿಲ್ಲವಾದರೆ ಬಾಗಿಲಿನ ಬೀಗ, ಇಗ್ನಿಷನ್ ಬೀಗ, ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆ ಎಲ್ಲವನ್ನೂ ಬದಲಾಯಿಸಬೇಕು, ವಾರಗಟ್ಟಲೆ ಕಾಯಬೇಕು ಎಂದು ಶೋರೂಮಿನವರು ಹೇಳುತ್ತಾರೆ. ನಿಂತಲ್ಲಿಗೇ ಬಂದು ಕೀ ಮಾಡಿಕೊಡುವವರೊಬ್ಬರು ಇದು ಒಂದೇ ದಿನದ ಕೆಲಸ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ನಮಸ್ಕಾರ. ಎಲ್ಲವನ್ನೂ ಬದಲಾಯಿಸುವುದು ಕಡೆಯ ದಾರಿಯೇ ಹೊರತು ಮೊದಲನೆಯದಲ್ಲ. ಶೋರೂಮಿನವರು ಸುಳ್ಳು ಹೇಳುತ್ತಿದ್ದಾರೆ ಎಂದೂ ನಾನು ಹೇಳಲಾರೆ, ಏಕೆಂದರೆ ಅವರ ಮಾತಿಗೆ ಹಿಂದೊಂದು ಕಾರಣವಿತ್ತು. ಟೊಯೋಟಾದ ಹಳೆಯ ಕೆಲವು ಮಾದರಿಗಳಲ್ಲಿ 'ಮಾಸ್ಟರ್' ಕೀ ಎಂಬುದೊಂದಿತ್ತು. ಹೊಸ ಕೀಯನ್ನು ಕಾರಿಗೆ ಪರಿಚಯಿಸುವ ಅಧಿಕಾರ ಅದಕ್ಕೆ ಮಾತ್ರವಿತ್ತು. ಫಿಯಟ್ಟಿನ ಹಳೆಯ ಕಾರುಗಳ ಜೊತೆ ಬರುತ್ತಿದ್ದ ಕೆಂಪು ಕೀಯದೂ ಇದೇ ಕಥೆ. ಅದು ಕಳೆದರೆ ಪೆಟ್ಟಿಗೆಯನ್ನೇ ಬದಲಾಯಿಸಬೇಕು ಎಂದು ಕಂಪನಿಯ ಕೈಪಿಡಿಯೇ ಹೇಳುತ್ತಿತ್ತು. ಕೈಪಿಡಿಯ ದಾರಿಯನ್ನು ಬಿಟ್ಟು ಆಚೀಚೆ ಹೋಗಲು ಶೋರೂಮಿನವರಿಗೆ ಅನುಮತಿ ಇರುವುದಿಲ್ಲ, ನಮ್ಮಂಥವರಿಗೆ ಆ ಕಟ್ಟುಪಾಡಿಲ್ಲ.

ನಿಮ್ಮ ಕೆಲಸದಲ್ಲಿ ಎರಡು ಭಾಗಗಳಿವೆ, ಅವನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು. ಒಂದು, ಬೀಗವನ್ನು ತಿರುಗಿಸುವ ಲೋಹದ ಅಲಗು. ಇನ್ನೊಂದು, ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದಾಗಿಯೋ ಇರುವ ಟ್ರಾನ್ಸ್‌ಪಾಂಡರ್ ಚಿಪ್. ಇದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಇಗ್ನಿಷನ್ ಬೀಗದ ಸುತ್ತ ಇರುವ ತಂತಿಯ ಉಂಗುರವು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ತರಂಗವನ್ನು ಹೊಮ್ಮಿಸುತ್ತದೆ. ಚಿಪ್ಪು ಅದರಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ, ಆ ಗುರುತು ಕಾರಿನ ನೆನಪಿನಲ್ಲಿದ್ದರೆ ಮಾತ್ರ ಎಂಜಿನ್ ಓಡುತ್ತದೆ. ಈ ಕಾವಲು ವ್ಯವಸ್ಥೆಯೇ ಇಮ್ಮೊಬಿಲೈಜರ್. ರಿಮೋಟಿನ ಗುಂಡಿಗಳು ಇವೆರಡಕ್ಕೂ ಸಂಬಂಧಿಸಿದವಲ್ಲ, ಅವು 315 ಅಥವಾ 433 ಮೆಗಾಹರ್ಟ್ಸಿನಲ್ಲಿ ಬಾಗಿಲಿನೊಂದಿಗೆ ಮಾತಾಡುವ ಪ್ರತ್ಯೇಕ ರೇಡಿಯೋ. ರಿಮೋಟಿನ ಬ್ಯಾಟರಿ ಸತ್ತರೂ ಕಾರು ಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ.

ಅಲಗನ್ನು ಕತ್ತರಿಸುವುದು ಸುಲಭ, ಚಿಪ್ಪನ್ನು ಕಾರು ಒಪ್ಪುವಂತೆ ಮಾಡುವುದೇ ನಿಜವಾದ ಕೆಲಸ. ಒಂದು ಕೀ ಕೈಯಲ್ಲಿದ್ದಾಗ ಇನ್ನೊಂದನ್ನು ಸೇರಿಸುವುದಕ್ಕೂ, ಒಂದೂ ಇಲ್ಲದಾಗ ಮೊದಲಿನಿಂದ ಆರಂಭಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಆದ್ದರಿಂದ ನಿಮ್ಮ ಬಳಿ ಬಂದವರನ್ನು 'ಕೀ ಮಾಡುತ್ತೀರಾ' ಎಂದು ಕೇಳಬೇಡಿ. ಈ ಮಾದರಿಯ, ಈ ವರ್ಷದ ಕಾರಿಗೆ ಒಂದೂ ಕೀ ಇಲ್ಲದ ಸ್ಥಿತಿಯಲ್ಲಿ ಹಿಂದೆ ಕೆಲಸ ಮಾಡಿದ್ದೀರಾ, ಇಮ್ಮೊಬಿಲೈಜರಿನ ಮಾಹಿತಿಯನ್ನು ಯಾವ ಪೆಟ್ಟಿಗೆಯಿಂದ ಓದುತ್ತೀರಿ ಎಂದು ಕೇಳಿ. ಅನುಭವ ಇರುವವರು ಒಂದೇ ವಾಕ್ಯದಲ್ಲಿ ಉತ್ತರಿಸುತ್ತಾರೆ. ಇಲ್ಲದವರು ಮೊದಲು ಕಾರನ್ನು ತೆರೆದು ನೋಡೋಣ ಎನ್ನುತ್ತಾರೆ.

ಅವರು ಬರುವಷ್ಟರಲ್ಲಿ ನೋಂದಣಿ ಪತ್ರ ಮತ್ತು ನಿಮ್ಮ ಗುರುತಿನ ಚೀಟಿಯನ್ನು ಸಿದ್ಧವಾಗಿಡಿ. ಅವನ್ನು ಕೇಳದೆಯೇ ಕೆಲಸಕ್ಕೆ ಇಳಿಯುವವರನ್ನು ವಾಪಸು ಕಳಿಸುವುದು ಲೇಸು. ನಿಮ್ಮ ಕಾರನ್ನು ಹಾಗೆ ತೆರೆಯುವವರು ನಾಳೆ ಬೇರೆಯವರು ಕರೆದರೂ ಹಾಗೆಯೇ ತೆರೆಯುತ್ತಾರೆ. ವಿಮೆಯ ಪತ್ರದಲ್ಲಿ ಕೀ ಕಳೆದುದಕ್ಕೆ ಪರಿಹಾರವಿದೆಯೇ ಎಂಬುದನ್ನೂ ಕೆಲಸ ಆರಂಭವಾಗುವ ಮೊದಲೇ ನೋಡಿಕೊಳ್ಳಿ.

ಮರುಪ್ರಶ್ನೆ: ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಬಾಗಿಲನ್ನು ಹೇಗೆ ತೆರೆಯುತ್ತಾರೆ? ಹಿಂಬದಿಯ ಚಿಕ್ಕ ಗಾಜನ್ನು ಒಡೆದುಬಿಡಿ, ಅದೇ ಅಗ್ಗ ಎಂದು ಪಕ್ಕದವರು ಹೇಳುತ್ತಿದ್ದಾರೆ. ನೋಡಿ ಕತ್ತರಿಸಲು ಕೀಯೇ ಇಲ್ಲದಿರುವಾಗ ಅಲಗಿನ ಅಳತೆ ಎಲ್ಲಿಂದ ಸಿಗುತ್ತದೆ?

ಉತ್ತರ: ದಯವಿಟ್ಟು ಗಾಜಿಗೆ ಕೈ ಹಾಕಬೇಡಿ. ಆ ಚಿಕ್ಕ ಗಾಜು ನೋಡಲು ಚಿಕ್ಕದೇ ಹೊರತು ಅನೇಕ ಕಾರುಗಳಲ್ಲಿ ಅದನ್ನು ಅಂಟಿನಿಂದ ಕೂರಿಸಿರುತ್ತಾರೆ, ಹೊಸದನ್ನು ಹಾಕಿಸುವುದು ದೊಡ್ಡ ಕಿಟಕಿಯ ಗಾಜಿಗಿಂತ ರಗಳೆಯ ಕೆಲಸ. ಒಡೆದರೂ ಫಲ ಖಚಿತವಲ್ಲ, ಏಕೆಂದರೆ ಎರಡು ಹಂತದ ಬೀಗ ಇರುವ ಕಾರುಗಳಲ್ಲಿ ಹೊರಗಿನಿಂದ ಲಾಕ್ ಮಾಡಿದ ಮೇಲೆ ಒಳಗಿನ ಹಿಡಿಯನ್ನು ಎಳೆದರೂ ಬಾಗಿಲು ತೆರೆಯುವುದಿಲ್ಲ. ಗಾಳಿಚೀಲ ತುರುಕಿ ಬಾಗಿಲನ್ನು ಸಡಿಲಿಸಿ ಉದ್ದ ಕಂಬಿ ತೂರಿಸುವವರಿಗೂ ಅಲ್ಲಿ ಇದೇ ಗತಿ.

ನಮ್ಮ ಕೆಲಸದಲ್ಲಿ ಬಾಗಿಲನ್ನು ತೆರೆಯುವುದೂ ಅಲಗಿನ ಅಳತೆ ಪಡೆಯುವುದೂ ಹಲವು ಸಲ ಒಂದೇ ಹೆಜ್ಜೆ. ಚಾಲಕನ ಬಾಗಿಲಿನ ಬೀಗದೊಳಗೆ ತೆಳುವಾದ ಹಿತ್ತಾಳೆಯ ಬಿಲ್ಲೆಗಳು ಸಾಲಾಗಿ ಇರುತ್ತವೆ, ಇವನ್ನು ವೇಫರ್ ಎನ್ನುತ್ತಾರೆ. ಕೀಯ ಒಂದೊಂದು ಕಚ್ಚೂ ಒಂದೊಂದು ಬಿಲ್ಲೆಯನ್ನು ಅದಕ್ಕೆ ಗೊತ್ತುಮಾಡಿದ ಎತ್ತರಕ್ಕೆ ತರುತ್ತದೆ, ಎಲ್ಲವೂ ಸಾಲಾಗಿ ನಿಂತಾಗ ಬೀಗ ತಿರುಗುತ್ತದೆ. ಆಯಾ ಬಗೆಯ ಬೀಗಕ್ಕೆಂದೇ ಮಾಡಿದ, ಅಳತೆಯ ಗೆರೆಗಳಿರುವ ಉಪಕರಣವೊಂದನ್ನು ಒಳಗಿಟ್ಟು ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ ಬೀಗ ತೆರೆದರೆ, ತೆರೆದ ಮೇಲೆ ಪ್ರತಿ ಬಿಲ್ಲೆಯ ಎತ್ತರವನ್ನು ಅದೇ ಉಪಕರಣದಲ್ಲಿ ಓದಿಕೊಳ್ಳಬಹುದು. ಆ ಅಂಕಿಗಳನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಹೊಸ ಅಲಗು ಸಿದ್ಧ. ಹಳೆಯ ಕೀಯನ್ನು ನೋಡಿ ಮಾಡಿದ ನಕಲಿಗಿಂತ ಇದು ಎಷ್ಟೋ ಸಲ ಚೆನ್ನಾಗಿ ಕೂರುತ್ತದೆ. ನಕಲಿಗೆ ಹಳೆಯ ಕೀಯ ಸವೆತವೂ ಬಂದಿರುತ್ತದೆ, ಅಂಕಿಯಿಂದ ಕತ್ತರಿಸಿದ್ದು ಕಾರ್ಖಾನೆಯ ಅಳತೆಯಲ್ಲೇ ಇರುತ್ತದೆ.

ಒಂದು ತೊಡಕುಂಟು. ಕೆಲವು ಕಾರುಗಳ ಬಾಗಿಲಿನ ಬೀಗದಲ್ಲಿ ಇಗ್ನಿಷನ್ನಿಗಿಂತ ಕಡಿಮೆ ಬಿಲ್ಲೆಗಳಿರುತ್ತವೆ. ಆಗ ಹೊಸ ಕೀ ಬಾಗಿಲನ್ನು ತೆರೆದರೂ ಇಗ್ನಿಷನ್ನಿನಲ್ಲಿ ತಿರುಗುವುದಿಲ್ಲ, ಉಳಿದ ಒಂದೆರಡು ಕಚ್ಚುಗಳಿಗೆ ಸಾಧ್ಯವಿರುವ ಅಳತೆಗಳನ್ನು ಒಂದಾದ ಮೇಲೊಂದು ಹಾಕಿ ನೋಡಬೇಕಾಗುತ್ತದೆ. ಕೆಲಸದವರು ಎರಡು ಮೂರು ಅಲಗುಗಳನ್ನು ಕತ್ತರಿಸಿ ಬಿಸಾಡಿದರೆ ಅವರಿಗೆ ಕೆಲಸ ಬಾರದೆಂದು ತಿಳಿಯಬೇಡಿ.

ಬಾಗಿಲಿನ ಬೀಗ ತುಕ್ಕು ಹಿಡಿದು ಓದಲು ಬಾರದಿದ್ದರೆ ಇನ್ನೊಂದು ದಾರಿ ಇದೆ. ಕಾರಿಗೆ 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆ ಇರುತ್ತದೆ. ಅದನ್ನು ಆಧರಿಸಿ ತಯಾರಕರು ಕೀ ಕೋಡನ್ನು, ಅಂದರೆ ಅಲಗಿನ ಕಚ್ಚುಗಳ ಅಳತೆಯನ್ನು ತಿಳಿಸುವ ಸಂಖ್ಯೆಯನ್ನು, ಕೊಡಬಲ್ಲರು. ನಿಮ್ಮ ಕಾರಿನ ಹಿಂದಿನ ಮಾಲೀಕರು ಸಂಪರ್ಕದಲ್ಲಿದ್ದರೆ, ಹೊಸ ಕಾರಿನೊಂದಿಗೆ ಕೀಗೊಂಚಲಿಗೆ ಕಟ್ಟಿ ಬಂದಿದ್ದ, ಆ ಕೋಡ್ ಇರುವ ಚಿಕ್ಕ ಲೋಹದ ತಗಡೋ ಗುಪ್ತಸಂಖ್ಯೆಯ ಕಾರ್ಡೋ ಅವರ ಕಪಾಟಿನಲ್ಲಿ ಬಿದ್ದಿದೆಯೇ ಎಂದು ವಿಚಾರಿಸಿ. ಎಂಥದೋ ತಗಡು ಎಂದು ಎಸೆದವರೇ ಹೆಚ್ಚು, ಆದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಪ್ರಶ್ನೆ (ಇನ್ನೊಬ್ಬರಿಂದ): ಚಿಪ್ಪನ್ನು ಕಾರಿಗೆ ಪರಿಚಯಿಸುವಾಗ ಯಂತ್ರವನ್ನು ಜೋಡಿಸಿ ಸುಮ್ಮನೆ ಕೂತಿರುತ್ತಾರೆ, ಸಮಯ ಬೆಳೆಸಿ ಹೆಚ್ಚು ಹಣ ಕೇಳುವ ಉಪಾಯ ಅದು ಎಂದು ನನ್ನ ಅನುಮಾನ. ತಪ್ಪಿದ್ದರೆ ಕ್ಷಮಿಸಿ.

ಉತ್ತರ: ಕ್ಷಮೆ ಬೇಡ, ಸುಮ್ಮನೆ ಕೂತಿರುವುದಂತೂ ನಿಜವೇ. ಸ್ಟೀರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಕಿಂಡಿಯೊಂದಿದೆ, ಯಂತ್ರವನ್ನು ಅದಕ್ಕೇ ಜೋಡಿಸುತ್ತೇವೆ. ಕೆಲವು ಕಾರುಗಳು ಗುಪ್ತಸಂಖ್ಯೆ ಕೇಳುತ್ತವೆ, ಕೊಟ್ಟರೆ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವು ಕಾರುಗಳು ಬೇಕೆಂದೇ ಕಾಯಿಸುತ್ತವೆ. ಜನರಲ್ ಮೋಟರ್ಸಿನ ಹಳೆಯ ಹಲವು ಮಾದರಿಗಳಲ್ಲಿ ಹತ್ತು ಹತ್ತು ನಿಮಿಷಗಳ ಮೂರು ಸುತ್ತು, ಒಟ್ಟು 30 ನಿಮಿಷ ಕಾದ ಮೇಲೆಯೇ ಹೊಸ ಕೀಯನ್ನು ಕಾರು ಕಲಿಯುತ್ತದೆ. ಕಳ್ಳನಿಗೆ ಅಷ್ಟು ಹೊತ್ತು ನಿಲ್ಲುವ ಧೈರ್ಯ ಇರಲಾರದು ಎಂಬುದು ಅದರ ಹಿಂದಿನ ಲೆಕ್ಕ. ಫೋರ್ಡಿನ ಹಲವು ಮಾದರಿಗಳು ನೆನಪನ್ನು ಅಳಿಸಿದ ಮೇಲೆ ಕನಿಷ್ಠ ಎರಡು ಕೀಗಳನ್ನು ಕೊಡುವ ತನಕ ಸ್ಟಾರ್ಟ್ ಆಗಲು ಒಪ್ಪುವುದಿಲ್ಲ; ಅಲ್ಲಿ ಎರಡನೆಯ ಕೀಯನ್ನು ಮಾರುವುದು ವ್ಯಾಪಾರದ ಚಾಣಾಕ್ಷತೆ ಅಲ್ಲವೇ ಅಲ್ಲ.

ಕಿಂಡಿಯ ಮೂಲಕ ದಾರಿಯೇ ಇಲ್ಲದ ಕಾರುಗಳೂ ಇವೆ. ಅವುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆಯನ್ನೋ ಮೀಟರಿನ ಜೋಡಣೆಯನ್ನೋ ಕಳಚಿ, ಎಂಟು ಕಾಲುಗಳ ಪುಟ್ಟ ನೆನಪಿನ ಚಿಪ್ಪನ್ನು ನೇರವಾಗಿ ಓದಿ, ಅದರೊಳಗಿನ ಮಾಹಿತಿಯಿಂದ ಹೊಸ ಕೀಯನ್ನು ಸಿದ್ಧಪಡಿಸಬೇಕು. ಇಂಥ ಕೆಲಸದಲ್ಲಿ ನಾನು ಮೊದಲು ಮಾಡುವುದು ಮೂಲ ಮಾಹಿತಿಯ ಪ್ರತಿಯೊಂದನ್ನು ಎತ್ತಿಡುವುದು, ಏಕೆಂದರೆ ಬರೆಯುವಾಗ ಒಂದಂಶ ತಪ್ಪಿದರೂ ಕಾರು ಮಾತೇ ಆಡುವುದಿಲ್ಲ. ಕಾರಿನ ಬ್ಯಾಟರಿಗೆ ಹೊರಗಿನಿಂದ ಚಾರ್ಜರ್ ಜೋಡಿಸಿ ವೋಲ್ಟೇಜನ್ನು ಸ್ಥಿರವಾಗಿಡುವುದೂ ಅಷ್ಟೇ ಮುಖ್ಯ. ದಿನಗಟ್ಟಲೆ ನಿಂತಿದ್ದ ಕಾರಿನ ಬ್ಯಾಟರಿ 12 ವೋಲ್ಟಿಗಿಂತ ಕೆಳಗಿಳಿದಿದ್ದು, ಬರೆಯುವ ನಡುವೆ ಕೈಕೊಟ್ಟರೆ ಹಾಳಾಗುವುದು ಕೀಯಲ್ಲ, ನಿಯಂತ್ರಣ ಪೆಟ್ಟಿಗೆ.

ಪ್ರಶ್ನೆ (ಮತ್ತೊಬ್ಬರಿಂದ): ನನ್ನದು ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೀಗೆ ಅಲಗೇ ಇಲ್ಲವಾದ್ದರಿಂದ ಇಂಥ ಸಂದರ್ಭ ಬಂದರೆ ಕೆಲಸ ಸುಲಭವಲ್ಲವೇ? ಬಳಸಿದ ರಿಮೋಟು ಕಡಿಮೆ ಬೆಲೆಗೆ ಸಿಗುತ್ತಿದೆ, ಈಗಲೇ ಒಂದು ಕೊಂಡಿಟ್ಟರೆ ಹೇಗೆ?

ಉತ್ತರ: ಅಲಗು ಇದೆ, ರಿಮೋಟಿನ ಒಳಗೆ ಅಡಗಿದೆ, ಬದಿಯ ಚಿಕ್ಕ ಒತ್ತುಗುಂಡಿಯನ್ನು ಒತ್ತಿ ಎಳೆದು ನೋಡಿ. ಬ್ಯಾಟರಿ ಸತ್ತಾಗ ಚಾಲಕನ ಬಾಗಿಲನ್ನು ತೆರೆಯುವುದು ಅದರಿಂದಲೇ, ಆಮೇಲೆ ರಿಮೋಟನ್ನು ಸ್ಟಾರ್ಟ್ ಗುಂಡಿಗೋ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೋ ತಾಗಿಸಿ ಹಿಡಿದರೆ ಕಾರು ಸ್ಟಾರ್ಟ್ ಆಗುತ್ತದೆ. ಬಳಸಿದ ರಿಮೋಟನ್ನು ಕೊಳ್ಳಬೇಡಿ. ಅನೇಕ ಸ್ಮಾರ್ಟ್ ಕೀಗಳು ಒಮ್ಮೆ ಒಂದು ಕಾರಿಗೆ ಸೇರಿದರೆ ಮುದ್ರೆ ಬಿದ್ದ ಹಾಗೆ, ವಿಶೇಷ ಉಪಕರಣದಿಂದ ಬಿಡಿಸದ ಹೊರತು ಇನ್ನೊಂದು ಕಾರಿಗೆ ಒಗ್ಗುವುದಿಲ್ಲ.

ಪ್ರಶ್ನೆ (ಅದೇ ವ್ಯಕ್ತಿಯಿಂದ): ಹಾಗಾದರೆ ನೀವು ಮಾಡಬಲ್ಲದ್ದನ್ನೆಲ್ಲ ಕಳ್ಳನೂ ಮಾಡಬಲ್ಲನಲ್ಲವೇ?

ಉತ್ತರ: ಉಪಕರಣ, ಸಮಯ ಮತ್ತು ಕಾರಿನೊಳಗೆ ನಿರಾತಂಕವಾಗಿ ಕೂರುವ ಅವಕಾಶ ಮೂರೂ ಇದ್ದರೆ ಹೌದು. ಮೊದಮೊದಲಿನ ಚಿಪ್ಪುಗಳು ಯಾರು ಕೇಳಿದರೂ ಒಂದೇ ಅಂಕಿಯನ್ನು ಹೇಳುತ್ತಿದ್ದವು. ಆಮೇಲೆ ಬಂದವುಗಳಿಗೆ ಕಾರು ಪ್ರತಿ ಸಲವೂ ಹೊಸ ಸವಾಲನ್ನು ಒಡ್ಡುತ್ತದೆ, ಚಿಪ್ಪು ತನ್ನೊಳಗಿನ ಗುಟ್ಟಿನಿಂದ ಲೆಕ್ಕ ಮಾಡಿ ಉತ್ತರಿಸಬೇಕು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿನ 40 ಬಿಟ್ ಗುಟ್ಟಿನ ಚಿಪ್ಪನ್ನು 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಭೇದಿಸಿ ತೋರಿಸಿದರು. ಮೆಗಾಮೋಸ್ ಎಂಬ ಇನ್ನೊಂದು ಚಿಪ್ಪಿನ ದೋಷವನ್ನು ಕಂಡುಹಿಡಿದವರ ಪ್ರಬಂಧಕ್ಕೆ ಬ್ರಿಟನ್ನಿನ ನ್ಯಾಯಾಲಯವು 2013ರಲ್ಲಿ ತಡೆ ನೀಡಿತ್ತು, ಅದು ಬೆಳಕು ಕಂಡದ್ದು 2015ರಲ್ಲಿ. ಹಾಗೆಂದು ಈ ವ್ಯವಸ್ಥೆ ನಿರುಪಯೋಗಿಯಲ್ಲ: ತಂತಿಗಳನ್ನು ಜೋಡಿಸಿ ಕಾರು ಓಡಿಸಿಕೊಂಡು ಹೋಗುವ ಹಳೆಯ ವಿದ್ಯೆಗೆ ಅದು ತಡೆ ಹಾಕಿದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದ್ದೂ ಅದಕ್ಕೇ.

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರಿಂದ): ನಾಳೆ ಕೆಲಸದವರು ಬರುತ್ತಿದ್ದಾರೆ. ಕಳೆದುಹೋದ ಎರಡು ಕೀಗಳು ಯಾರ ಕೈಗಾದರೂ ಸಿಕ್ಕರೆ ಏನು ಗತಿ?

ಉತ್ತರ: ನೀರಿಗೆ ಬಿದ್ದ ಕೀಯ ಚಿಂತೆ ನನಗಿಲ್ಲ. ಮನೆ ಬದಲಾಯಿಸುವಾಗ ಕಳೆದದ್ದು ಎಲ್ಲಿದೆಯೋ, ಯಾರ ಬಳಿ ಇದೆಯೋ ತಿಳಿಯದು, ಅದು ಕಳೆದ ದಿನದಿಂದ ಇಂದಿನವರೆಗೂ ನಿಮ್ಮ ಕಾರನ್ನು ಓಡಿಸಬಲ್ಲ ಕೀಯಾಗಿಯೇ ಉಳಿದಿದೆ. ಆದ್ದರಿಂದ ಕಾರಿನ ನೆನಪಿನಲ್ಲಿರುವ ಹಳೆಯ ಚಿಪ್ಪುಗಳನ್ನೆಲ್ಲ ಅಳಿಸಿ ಹೊಸವನ್ನು ಮಾತ್ರ ಬರೆಯಲು ಹೇಳಿ. ಈಗ ಎಷ್ಟು ಕೀಗಳು ನೋಂದಣಿಯಾಗಿವೆ ಎಂಬ ಸಂಖ್ಯೆಯನ್ನು ಅನೇಕ ಕಾರುಗಳಲ್ಲಿ ಯಂತ್ರವೇ ತೋರಿಸುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ನಿಮ್ಮ ಕಣ್ಣಾರೆ ನೋಡಿ. ಹಳೆಯ ರಿಮೋಟುಗಳನ್ನೂ ತೆಗೆಸಿ.

ಇದನ್ನು ಮಾಡಿಸಿದ ಮೇಲೂ ಒಂದು ಬಾಕಿ ಉಳಿಯುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ಚಿಪ್ಪನ್ನು ಅಳಿಸಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ ಅಷ್ಟೇ, ಹಳೆಯ ಅಲಗು ಬಾಗಿಲನ್ನು ಮೊದಲಿನಂತೆಯೇ ತೆರೆಯುತ್ತದೆ. ಕಾರಿನಲ್ಲಿ ಬೆಲೆಬಾಳುವ ವಸ್ತುಗಳನ್ನು ಇಡುವ ಅಭ್ಯಾಸವಿದ್ದರೆ ಬೀಗದೊಳಗಿನ ಬಿಲ್ಲೆಗಳ ಕ್ರಮವನ್ನು ಬದಲಾಯಿಸಿ, ಹೊಸ ಕ್ರಮಕ್ಕೆ ತಕ್ಕ ಅಲಗನ್ನು ಕತ್ತರಿಸಿಕೊಳ್ಳಬಹುದು. ಬೀಗವನ್ನೇ ಬದಲಾಯಿಸುವುದಕ್ಕಿಂತ ಇದು ಹಗುರ. ನಿಮ್ಮ ಕಾರಿಗೆ ಇದು ಬೇಕೇ ಬೇಕು ಎಂದು ನಾನು ಒತ್ತಾಯಿಸುವುದಿಲ್ಲ.

ಮರುಪ್ರಶ್ನೆ: ಕೆಲಸ ಮುಗಿಯಿತು, ಬೀಗ ಬದಲಾಯಿಸುವ ಪ್ರಮೇಯವೇ ಬರಲಿಲ್ಲ. ಎರಡು ಹೊಸ ಕೀಗಳಾಗಿವೆ, ನೋಂದಣಿಯಾದ ಕೀಗಳ ಸಂಖ್ಯೆ ಎರಡೇ ಎಂದು ಯಂತ್ರದಲ್ಲಿ ನೋಡಿದೆ. ಆಗ ಎರಡರಲ್ಲೂ ಸ್ಟಾರ್ಟ್ ಆಗಿತ್ತು. ಮನೆಗೆ ತಂದ ಮೇಲೆ ಕೆಲವೊಮ್ಮೆ ಸ್ಟಾರ್ಟ್ ಆಗಿ ಒಂದೆರಡು ಕ್ಷಣಗಳಲ್ಲಿ ನಿಂತುಬಿಡುತ್ತದೆ, ಮೀಟರಿನಲ್ಲಿ ಕೀಯ ಚಿತ್ರದ ದೀಪ ಮಿನುಗುತ್ತದೆ. ಕೆಲಸ ಕೆಟ್ಟಿತೇ?

ಉತ್ತರ: ಸ್ಟಾರ್ಟ್ ಆಗಿ ನಿಲ್ಲುವುದು, ದೀಪ ಮಿನುಗುವುದು ಎಂದರೆ ಅಲಗು ಸರಿಯಿದ್ದು ಆ ಗಳಿಗೆಯಲ್ಲಿ ಚಿಪ್ಪಿನ ಗುರುತು ಸಿಗಲಿಲ್ಲ ಎಂದರ್ಥ. ಎರಡು ಕೀಗಳನ್ನೂ ಒಂದೇ ಗೊಂಚಲಿಗೆ ಹಾಕಿಕೊಂಡಿದ್ದೀರಾ?

ಮರುಪ್ರಶ್ನೆ: ಹೌದು, ಮತ್ತೆ ಕಳೆಯಬಾರದೆಂದು ಒಟ್ಟಿಗೇ ಇಟ್ಟಿದ್ದೇನೆ.

ಉತ್ತರ: ಒಂದನ್ನು ಬಿಚ್ಚಿ ಮನೆಯಲ್ಲಿಡಿ. ಇಗ್ನಿಷನ್ನಿನ ಉಂಗುರದ ಹತ್ತಿರ ಎರಡು ಚಿಪ್ಪುಗಳು ಒಟ್ಟಿಗೆ ತೂಗಾಡುತ್ತಿದ್ದರೆ ಎರಡೂ ಏಕಕಾಲಕ್ಕೆ ಉತ್ತರಿಸಲು ಹೋಗಿ ಕಾರಿಗೆ ಯಾವುದೂ ಅರ್ಥವಾಗುವುದಿಲ್ಲ. ಒಂದೊಂದೇ ಕೀಯಿಂದ ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿ. ಆಗಲೂ ನಿಂತರೆ ಯಾವ ಕೀಯಲ್ಲಿ ನಿಂತಿತೆಂದು ಗುರುತು ಮಾಡಿಕೊಂಡು, ಅದನ್ನು ಮಾಡಿಕೊಟ್ಟವರ ಬಳಿಗೇ ಒಯ್ಯಿರಿ.