ಬೆನ್ನುಹುರಿ ಪೆಟ್ಟಾದ ತಮ್ಮನ ಬಿಪಿ ಒಮ್ಮೆ 80, ಒಮ್ಮೆ 170, ಯಾಕೆ?

ಬ್ಯಾಡಗಿ_ಅಕ್ಕ:
ತಮ್ಮ ಹುಣಸೆ ಮರದಿಂದ ಬಿದ್ದು ಕುತ್ತಿಗೆ ಹತ್ತಿರ, ಸಿ6 ಅಂತಾರೆ, ಬೆನ್ನುಹುರಿಗೆ ಪೆಟ್ಟಾಗಿದೆ. ಮೊದಲೆಲ್ಲ ಕೂರಿಸಿದರೆ ಬಿಪಿ 80ಕ್ಕೆ ಇಳಿದು ಕಣ್ಣಿಗೆ ಕತ್ತಲೆ ಬರುತ್ತಿತ್ತು. ಈಗ ಉಲ್ಟಾ ಕಾಟ. ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ಕಾಲು ಮಾತ್ರ ತಣ್ಣಗೆ. ನಿನ್ನೆ ರಾತ್ರಿ 170 ಇತ್ತು. ಗಾಬರಿಯಾಗಿ ಮಲಗಿಸಿದೆವು, ಇನ್ನೂ ಜಾಸ್ತಿ ಆಯಿತು. ಊರಲ್ಲಿ ದಿನಾ ಬಿಪಿ ಮಾತ್ರೆ ಕೊಡಿ ಅಂತಿದ್ದಾರೆ. ಕೊಡಬೇಕಾ?

ಧಾರವಾಡ_ಫಿಸಿಯೋ:
ಹುರಿಯ ಡಾಕ್ಟರನ್ನು ಕೇಳದೆ ಕೊಡಬೇಡಿ ಅಕ್ಕಾ, ಕೂತಾಗ ಬಿಪಿ ಇನ್ನೂ ಕುಸಿಯಬಹುದು. ಇದು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಇರಬೇಕು, ಅಂದರೆ ಪೆಟ್ಟಾದ ಜಾಗದ ಕೆಳಗಿನ ಯಾವುದೋ ಕಿರಿಕಿರಿಗೆ ಬಿಪಿ ಇದ್ದಕ್ಕಿದ್ದಂತೆ ಏರೋದು. ಸಾಮಾನ್ಯವಾಗಿ ಟಿ6 (ಎದೆ ಭಾಗದ ಹುರಿಯ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರುತ್ತದೆ. ರಕ್ತನಾಳ ಬಿಗಿ ಮಾಡೋ ನರಕೋಶಗಳು ಎದೆ, ಸೊಂಟದ ಹುರಿಯಲ್ಲಿರುತ್ತವೆ. ಮೆದುಳಿನ ಹಿಡಿತ ತಪ್ಪಿದ್ದಕ್ಕೇ ಕೂತಾಗ ಬಿಪಿ ಬೀಳೋದು. ಆದರೆ ಪೆಟ್ಟಾದ ಜಾಗದ ಕೆಳಗೆ ನರಗಳು ಸುಮ್ನೆ ಕೂರಲ್ಲ. ವಾರ, ತಿಂಗಳು ಕಳೆದ ಹಾಗೆ ನೋವಿನ ಸುದ್ದಿ ತರೋ ಸಣ್ಣ ನರಗಳು ಹುರಿಯೊಳಗೆ ಹೊಸ ಕವಲು ಒಡೆಯುತ್ತವೆ, ಹೊಸ ಜೋಡಣೆ ಆಗುತ್ತವೆ, ಹಾಗಾಗಿ ಮೂತ್ರಕೋಶ ತುಂಬಿದ್ದಷ್ಟಕ್ಕೇ ಹೊಟ್ಟೆ, ಕಾಲಿನ ರಕ್ತನಾಳಗಳೆಲ್ಲ ಒಟ್ಟಿಗೆ ಬಿಗಿದುಕೊಂಡು ಬಿಪಿ ಏರುತ್ತದೆ, ಅದನ್ನು ತಡೆಯೋ ಮೆದುಳಿನ ಆಜ್ಞೆ ಕೆಳಗೆ ತಲುಪೋದೇ ಇಲ್ಲ.

ಗದಗ_ವೀಲ್‌ಚೇರ್:
ನನಗೂ ಇದೇ ಇದೆ. ದಯವಿಟ್ಟು ಮಲಗಿಸಬೇಡಿ! ತಕ್ಷಣ ಎಬ್ಬಿಸಿ ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಬಿಡಿ, ಬೆಲ್ಟು, ಲುಂಗಿ ಗಂಟು ಎಲ್ಲ ಸಡಿಲ ಮಾಡಿ. ಆಮೇಲೆ ಮೂತ್ರದ ಪೈಪು ನೋಡಿ. ಮಡಚಿದೆಯಾ, ಕಟ್ಟಿಕೊಂಡಿದೆಯಾ, ಚೀಲ ತುಂಬಿದೆಯಾ? ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಅದಲ್ಲದಿದ್ದರೆ ಮಲಬದ್ಧತೆ, ಹಾಸಿಗೆ ಹುಣ್ಣು, ಒಳಗೆ ಬೆಳೆದ ಉಗುರು. ಕಾರಣ ಸಿಗದೆ 150 ಮೇಲೇ ನಿಂತರೆ ಕಾಯಬೇಡಿ, ಆಂಬುಲೆನ್ಸ್‌ಗೆ 108 ಒತ್ತಿ, ಕೂರಿಸಿಕೊಂಡೇ ಕರೆದೊಯ್ಯಿರಿ. ಪಾರ್ಶ್ವವಾಯು ಆಗೋ ಅಪಾಯ ನಿಜ.

ಬ್ಯಾಡಗಿ_ಅಕ್ಕ:
ಪೈಪು ತೊಡೆ ಕೆಳಗೆ ಸಿಕ್ಕಿಕೊಂಡಿತ್ತು, ಈಗ ನೆನಪಾಯಿತು. ಆದರೆ ಇವತ್ತು ಬೆಳಗ್ಗೆ 130 ಇತ್ತು, ಅದು ಸರಿ ಅಲ್ವಾ?

ಧಾರವಾಡ_ಫಿಸಿಯೋ:
ಅವನ ಮಾಮೂಲಿ ಎಷ್ಟು? ಕುತ್ತಿಗೆ ಪೆಟ್ಟಾದವರಿಗೆ 90ರಿಂದ 110 ಇರೋದು ಸಾಮಾನ್ಯ, ಅಂಥವರಿಗೆ 130 ಕೂಡ ಏರಿದ ಲೆಕ್ಕವೇ. ಆರಾಮಿದ್ದಾಗ ಎಷ್ಟಿದೆ ಅಂತ ಬರೆದಿಟ್ಟು, ಆ ಚೀಟಿಯನ್ನು ವೀಲ್‌ಚೇರಿಗೇ ಕಟ್ಟಿ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರ್ ಸಿಕ್ಕರೆ ಮೊದಲು ಅದನ್ನೇ ತೋರಿಸಿ.